ಮಡ್ಡಿಗೆ ಒಡ್ಡು ಬಿದ್ದ ವರ್ಷ

ಸಂಕ್ರಾಂತಿ ಕಳೆದ ಮೂರನೆಯ ದಿನ ತಾರವ್ವ ಸೆಗಣಿ ಆಯಲು ಊರಾಚೆಯ ಕಲ್ಲುದಿಬ್ಬದ ಮಡ್ಡಿಗೆ ಹೋದಾಗ ಅಲ್ಲಿ ಯಾರೋ ನೆಲಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಒಂದೆರಡಲ್ಲ, ಏಳು ಗೆರೆ. ಇಳಿಜಾರಿಗೆ ಅಡ್ಡವಾಗಿ, ಡೊಂಕುಡೊಂಕಾಗಿ, ಹಳ್ಳದ ದಂಡೆಯ ತನಕ. ಮಡ್ಡಿ ಹತ್ತುವ ದಾರಿಯಲ್ಲಿ ಎರಡು ಕಂಬ ನೆಟ್ಟು ತಗಡಿನ ಬೋರ್ಡು ಹೊಡೆದಿದ್ದರು. ತಾರವ್ವನಿಗೆ ಓದಲು ಬರುತ್ತಿರಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಊರೊಳಗೆ ಬಂದು, ಸಾಲೆಯಲ್ಲಿದ್ದ ಮಗಳು ಲಕ್ಕವ್ವನನ್ನು ಎಬ್ಬಿಸಿಕೊಂಡು ಹೋದಳು.

ಐದನೆಯ ಇಯತ್ತೆಯ ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ ಓದಿತು. ಭೂಸಾರ ಸಂರಕ್ಷಣೆ ಕಾಮಗಾರಿ. ಕ್ಷೇತ್ರ ನಾಲ್ಕು ಎಕರೆ. ಸಹಾಯಧನ ಪಡೆಯುವವರು ಸತ್ಯಪ್ಪ. ಒಡ್ಡು ಹಾಕಿ ಸಸಿ ನೆಟ್ಟ ಮೇಲೆ ಮೂರು ವರ್ಷ ದನ, ಕುರಿ, ಆಡು ಬಿಡತಕ್ಕದ್ದಲ್ಲ.

"ಕುರಿ ಅಂತ ಬರದೈತೇನ? ಇನ್ನೊಮ್ಮೆ ನೋಡು."

"ಬರದೈತಿ ಯವ್ವಾ. ದನದ ಮುಂದ ಕುರಿ ಅಂತ ಐತಿ."

ಇದು ಎಂಬತ್ತೊಂಬತ್ತರ ಮಾತು. ಅಲಖನೂರಿನ ಆ ಮನೆಯಲ್ಲಿ ಹಂಚಿಕೆ ಆದದ್ದು ಬಾಯಿಮಾತಿನಲ್ಲಿ. ತಾರವ್ವನ ಮಾವ ಸಾಯುವ ಮುಂದೆ ಇಬ್ಬರು ಮಕ್ಕಳನ್ನೂ ಕೂಡಿಸಿಕೊಂಡು, ಬಾವಿಯ ಕೆಳಗಿನ ಎರಡೆಕರೆ ಹಿರಿಯ ಸತ್ಯಪ್ಪನಿಗೆ, ಕುರಿ ಕಿರಿಯ ಮಲಕಾರಿಗೆ, ಮಡ್ಡಿ ಇಬ್ಬರಿಗೂ ಎಂದು ಹೇಳಿ ಕಣ್ಣು ಮುಚ್ಚಿದ್ದ. ಹೊಲ ಬೇರೆ, ಕುರಿ ಬೇರೆಯಾದರೂ ಒಲೆ ಒಂದೇ ಉಳಿದಿತ್ತು. ತಾರವ್ವನ ಗಂಡ ಮಲಕಾರಿ ದೀಪಾವಳಿ ಮುಗಿಸಿ ಎಂಬತ್ತು ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋಗುತ್ತಿದ್ದ. ಜುಗೂಳ, ಸದಲಗಾ ಕಡೆಯ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ, ಅವುಗಳ ಗೊಬ್ಬರಕ್ಕೆ ಬದಲು ಜೋಳ ತೆಗೆದುಕೊಂಡು, ಶಿವರಾತ್ರಿಯ ಹೊತ್ತಿಗೆ ಗಬ್ಬದ ಕುರಿಗಳೊಂದಿಗೆ ತಿರುಗಿ ಬರುತ್ತಿದ್ದ. ಅವು ಈಯುವುದು ಮಡ್ಡಿಯ ಮೇಲೆ. ಜಾಲಿಗಿಡದ ನೆರಳಿನಲ್ಲಿ ಮುಳ್ಳಿನ ಬೇಲಿ ಕಟ್ಟಿ, ತಾರವ್ವ ಎರಡು ತಿಂಗಳು ಅಲ್ಲೇ ಇದ್ದು ಮರಿ ಸಾಕುತ್ತಿದ್ದಳು. ಸರಕಾರದವರ ಕಣ್ಣಿಗೆ ಅದು ಬರಡು ನೆಲ. ಕುರಿಯವರಿಗೆ ಅದು ಬಾಣಂತಿಕೋಣೆ.

ಆ ಎಂಬತ್ತರಲ್ಲಿ ಇಪ್ಪತ್ತೆರಡು ತಾರವ್ವನವು. ಮದುವೆಯಲ್ಲಿ ಅವಳಪ್ಪ ಬಳುವಳಿಯಾಗಿ ಎಂಟು ಕುರಿ ಕೊಟ್ಟಿದ್ದ. ಬಳುವಳಿ ಕುರಿಯ ಎಡಗಿವಿ ಸೀಳಿರುತ್ತದೆ. ಅದರ ಮರಿಗೂ ಹುಟ್ಟಿದ ವಾರದಲ್ಲಿ ಹಾಗೇ ಸೀಳುತ್ತಾರೆ. ಅವನ್ನು ಹೆಂಗಸು ಹೂಂ ಎನ್ನದೆ ಯಾರೂ ಮಾರುವುದಿಲ್ಲ. ಲಕ್ಕವ್ವನ ಮದುವೆಗೆ ಅವುಗಳಲ್ಲೇ ಎಂಟು ಕೊಡಬೇಕೆಂದು ತಾರವ್ವ ಮಗಳು ತೊಟ್ಟಿಲಲ್ಲಿದ್ದಾಗಲೇ ಹೇಳಿಟ್ಟಿದ್ದಳು. ಈ ವರ್ಷ ಅವಳ ಕುರಿಗಳಲ್ಲಿ ಹದಿನಾಲ್ಕು ಗಬ್ಬವಾಗಿದ್ದವು.

ಅವತ್ತು ಸಂಜೆ ಸತ್ಯಪ್ಪ ಹೊಲದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಅವನ ಹೆಂಡತಿ ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಲಗಮವ್ವ ಗೋಡೆಗೆ ಆತು ಕೂತು ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿಕೊಂಡಿದ್ದಳು, ಹಲ್ಲಿಲ್ಲದ ಬಾಯಿ. ತಾರವ್ವ ಗಂಗಾಳದಲ್ಲಿ ಮಡಿಕಿಕಾಳಿನ ಪಲ್ಯ ಹಾಕಿ, ಅಲ್ಲೇ ನಿಂತಳು.

"ಭಾವಾ, ಮಡ್ಡಿಗೆ ಸುಣ್ಣ ಹಾಕಿಸಿದವ್ರು ನೀವ?"

ಸತ್ಯಪ್ಪ ಹೌದೆಂದ. ಸಾವಕಾಶವಾಗಿ ಹೇಳಿದ: ಹೋದ ಮಳೆಗಾಲದಲ್ಲಿ ಮಡ್ಡಿಯ ಮಣ್ಣು ಹಳ್ಳಕ್ಕೆ ಹೋದದ್ದನ್ನು ಎಲ್ಲರೂ ನೋಡಿದ್ದಾರೆ, ಮೇಲೆ ಬರೇ ಕಲ್ಲು ಉಳಿದಿದೆ, ಬಾವಿಯ ನೀರು ಸಂಕ್ರಾಂತಿಗೇ ಇಳಿದಿದೆ. ಒಡ್ಡು ಹಾಕಿದರೆ ನೀರು ನಿಲ್ಲುತ್ತದೆ. ಒಡ್ಡಿನ ಕೂಲಿ ಸರಕಾರದ್ದು, ಸಸಿ ಸರಕಾರದ್ದು, ಮೂರು ವರ್ಷ ಕಾಯ್ದುಕೊಟ್ಟರೆ ಎಕರೆಗಿಷ್ಟು ಎಂದು ಸಹಾಯಧನ ಬೇರೆ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ತಾರವ್ವನಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಶಿವರಾತ್ರಿಗೆ ಕುರಿ ಬರತಾವು. ಎಲ್ಲಿ ಈಯಬೇಕ ಅವು? ನಿಮ್ಮ ಪಡಸಾಲ್ಯಾಗ?"

"ಮಲಕಾರಿ ಬರಲಿ. ಅವನ್ನ ಕೇಳು."

"ಅವರು ಬರೂದ್ರಾಗ ಎಲ್ಲಾ ಮುಗಸಬೇಕಂತ ಮಾಡೀರಲ್ಲ. ಮಡ್ಡಿ ನಿಮ್ಮ ಒಬ್ಬರದ?"

"ಮಲಕಾರಿ ಬರಲಿ ಅಂದ್ನೆಲ್ಲ," ಎಂದು ಸತ್ಯಪ್ಪ ಎರಡನೆಯ ರೊಟ್ಟಿಗೆ ಕೈ ಚಾಚಿದ. ತಾರವ್ವ ರೊಟ್ಟಿಯ ಬುಟ್ಟಿಯನ್ನು ಈಚೆಗೆ ಎಳೆದುಕೊಂಡಳು. ಆ ಮನೆಯಲ್ಲಿ ಉಣ್ಣುವವನ ಮುಂದಿನ ಬುಟ್ಟಿ ಎಳೆದದ್ದು ಅದೇ ಮೊದಲು. ದ್ರೌಪದಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಗಂಡಸರ ಮಾತು ಗಂಡಸರು ಬಗೆಹರಿಸಿಕೊಳ್ಳಲಿ, ಅನ್ನದ ಮೇಲೆ ಯಾಕೆ ಸಿಟ್ಟು ಎಂದು ನೆಗೆಣ್ಣಿಯ ಮೇಲೆ ಹರಿಹಾಯ್ದಳು. ತಾರವ್ವ ಸುಮ್ಮನಿರುವವಳಲ್ಲ. ಮಾತಿಗೆ ಮಾತು ಬೆಳೆದು, ಹತ್ತು ವರ್ಷದ ಹಿಂದಿನ ಎಮ್ಮೆಯ ಗಿಣ್ಣು, ಯಾವಾಗಲೋ ಹರಿದ ಸೀರೆ, ಎಲ್ಲ ಹೊರಗೆ ಬಂದವು. ಪಲ್ಯ ಆರಿಹೋಯಿತು.

ಇಷ್ಟು ಹೊತ್ತೂ ಬಾಯಿ ಬಿಡದಿದ್ದವಳು ಲಗಮವ್ವ. ಎಪ್ಪತ್ತು ದಾಟಿದ ಮುದುಕಿ. ಮಕ್ಕಳಿಬ್ಬರ ನಡುವೆ ಒಂದು ದಿನವೂ ಹೆಚ್ಚುಕಡಿಮೆ ಮಾಡಿದವಳಲ್ಲ. ಹಿರಿಯ ಮಗ ಮೋಸ ಮಾಡಿದನೆಂದರೆ ಅವಳಿಗೆ ನಂಬಿಕೆ ಬರಲೊಲ್ಲದು. ಆದರೆ ಬೋರ್ಡಿನ ಮೇಲೆ ಒಬ್ಬನದೇ ಹೆಸರಿತ್ತು. ಮುದುಕಿ ಅವತ್ತು ಅರ್ಧ ರೊಟ್ಟಿ ಬಿಟ್ಟು ಎದ್ದಳು.

ಮುಂದಿನ ಆದಿತ್ಯವಾರ ಅವಳು ತನ್ನ ದಾರಿಯಲ್ಲಿ ಇದನ್ನು ಬಗೆಹರಿಸಲು ಹೊರಟಳು. ಬೆಳಿಗ್ಗೆ ತಲೆ ತೊಳೆದುಕೊಂಡು, ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರದ ಬಟ್ಟಲು ಇಳಿಸಿದಳು. ಕುರಿಯವರ ಮನೆಯಲ್ಲಿ ಭಂಡಾರವೆಂದರೆ ಬರೇ ಅರಿಷಿಣಪುಡಿಯಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ಭಂಡಾರದ ಮುಂದೆ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಸೊಸೆಯಂದಿರಿಬ್ಬರೂ ನೋಡುತ್ತಿರುವಾಗ ಲಗಮವ್ವ ಬಟ್ಟಲನ್ನು ಮಗನ ಮುಂದೆ ಇಟ್ಟಳು.

"ತಮ್ಮಗ ನಾ ಮೋಸ ಮಾಡಿಲ್ಲ ಅಂತ ಮುಟ್ಟಿ ಹೇಳು. ನನಗ ಇಷ್ಟ ಸಾಕು. ಒಡ್ಡ ಹಾಕಸು, ಗುಡ್ಡ ಹಾಕಸು, ನಾ ಕೇಳೂದಿಲ್ಲ."

ಸತ್ಯಪ್ಪ ಬಟ್ಟಲನ್ನು ನೋಡಿದ. ಕೈ ಮುಂದೆ ಬಂತು, ತಿರುಗಿ ಹೋಯಿತು.

"ಆಗೂದಿಲ್ಲ ಯವ್ವಾ."

"ಯಾಕ ಆಗೂದಿಲ್ಲ?"

"ಆಗೂದಿಲ್ಲ ಅಂದ್ನಿ."

ಅವನು ಎದ್ದು, ಬಾರಕೋಲು ತೆಗೆದುಕೊಂಡು ಹೊರಗೆ ಹೋದ. ಇನ್ನೇನು ಬೇಕು? ಸುಮ್ಮನೆ ಬೆರಳು ಮುಟ್ಟಿಸುವುದಕ್ಕೆ ಹೆದರಿದವನು ತಪ್ಪಿತಸ್ಥನಲ್ಲದೆ ಮತ್ತೇನು? ತಾರವ್ವ ಹಾಗೆಂದಳು. ದ್ರೌಪದಿಯೂ ಗಂಡನ ಪರವಾಗಿ ಒಂದು ಮಾತು ಆಡಲಿಲ್ಲ. ಲಗಮವ್ವ ಬಟ್ಟಲನ್ನು ಜಗಲಿಗೆ ಇಟ್ಟು, ತನ್ನ ಕಂಬಳಿ, ತಂಬಿಗೆ, ಎಲೆಅಡಿಕೆಯ ಚೀಲ ಎತ್ತಿಕೊಂಡು ಹಿತ್ತಿಲ ಕಡೆಯ ಕೋಣೆಗೆ ನಡೆದಳು. ತಾರವ್ವ ಆ ಸಂಜೆ ಅಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಹದಿನಾಲ್ಕು ವರ್ಷ ಕೂಡಿ ಉಂಡವರ ಮನೆಯಿಂದ ಅವತ್ತು ಎರಡು ಹೊಗೆ ಎದ್ದವು.

ಒಲೆ ಎರಡಾದರೆ ಎಲ್ಲವೂ ಎರಡು. ಹಿಟ್ಟಿನ ಡಬ್ಬಿ ಎರಡು, ನೀರಿನ ಕೊಡದ ಸಾಲು ಎರಡು. ಎಮ್ಮೆ ಒಂದೇ ಇದ್ದುದರಿಂದ ಬೆಳಗಿನ ಹಾಲು ದ್ರೌಪದಿಗೆ, ಸಂಜೆಯದು ತಾರವ್ವನಿಗೆ ಎಂದಾಯಿತು. ಸತ್ಯಪ್ಪನ ಮಕ್ಕಳು ಅಜ್ಜಿಯ ಹತ್ತಿರ ಬಂದರೆ ದ್ರೌಪದಿ ಕೂಗಿ ಕರೆಯುವಳು. ಸತ್ಯಪ್ಪ ಹಿತ್ತಿಲಲ್ಲಿ ಸಿಕ್ಕಾಗ ತಾರವ್ವ ಮುಖ ತಿರುಗಿಸಿ, ಗೋಡೆಗೆ ಕೇಳಿಸುವ ಹಾಗೆ ಬೈಯುವಳು. ತಮ್ಮನ ಅನ್ನ ಕಸಿದವನು, ಬಾಣಂತಿ ಕುರಿಯ ಶಾಪ ತಟ್ಟುತ್ತದೆ, ಇಂಥವೇ. ಅವನು ಕೇಳಿಸಿಕೊಂಡು ಹೋಗುತ್ತಿದ್ದ. ಬೈಸಿಕೊಂಡೂ ಸುಮ್ಮನಿರುವ ಗಂಡಸನ್ನು ಕಂಡರೆ ಬೈಯುವವರಿಗೆ ಇನ್ನೂ ಉಮೇದು ಬರುತ್ತದೆ. ಲಗಮವ್ವ ಬೈಯಲಿಲ್ಲ. ಅವಳು ಹಿರಿಯ ಮಗನ ಜೊತೆ ಮಾತನ್ನೇ ಬಿಟ್ಟಳು. ಅವನು ದಿನಾ ಹೊಲಕ್ಕೆ ಹೋಗುವ ಮುಂದೆ ಹಿತ್ತಿಲ ಬಾಗಿಲಲ್ಲಿ ನಿಂತು "ಹೋಗಿ ಬರತೇನಿ ಯವ್ವಾ" ಎನ್ನುತ್ತಿದ್ದ. ಒಳಗಿಂದ ಉತ್ತರ ಬರುತ್ತಿರಲಿಲ್ಲ.

ಈ ನಡುವೆ ತಾರವ್ವ ಕೈಕಟ್ಟಿ ಕೂಡಲಿಲ್ಲ. ಉಣ್ಣೆ ಕೊಳ್ಳಲು ಹೊಳೆಸಾಲಿಗೆ ಹೋಗುವ ಅಣ್ಣಾಸಾಬನ ಕೈಯಲ್ಲಿ ಗಂಡನಿಗೆ ಹೇಳಿಕಳಿಸಿದಳು: ಮಡ್ಡಿ ಕೈಬಿಡುತ್ತಿದೆ, ಇದ್ದಲ್ಲಿಂದ ಬರಬೇಕು. ವಾರದ ಮೇಲೆ ಅಣ್ಣಾಸಾಬ ತಿರುಗಿ ಬಂದ. ಜುಗೂಳದ ಹತ್ತಿರ ಮಲಕಾರಿ ಸಿಕ್ಕಿದ್ದನಂತೆ. ಏನಂದರೆಂದು ಕೇಳಿದರೆ, "ಬರತೇನಿ ಅಂತ ಹೇಳು ಅಂದಾನವ್ವ" ಎಂದು, ಚಹಾ ಕುಡಿಯಲು ಕೂಡ ನಿಲ್ಲದೆ ಹೋದ. ಚಹಾ ಬಿಟ್ಟು ಹೋಗುವ ಮನುಷ್ಯನಲ್ಲ ಅವನು. ತಾರವ್ವನಿಗೆ ಅದು ಹೊಳೆಯಲಿಲ್ಲ.

ನಾಲ್ಕು ಮನೆ ತಿರುಗಿ, ಎರಡು ತಿಂಗಳ ಮಟ್ಟಿಗೆ ಬೀಳು ನೆಲ ಕೊಡಿರೆಂದು ಕೇಳಿದಳು. ಎಲ್ಲಿದೆ ಬೀಳು? ನೀರು ಕಂಡಲ್ಲೆಲ್ಲ ಕಬ್ಬು ಹಚ್ಚಿದ್ದರು. ಕಬ್ಬಿನ ಬದುವಿಗೆ ಈದ ಕುರಿ ತಂದರೆ ಯಾರು ಸುಮ್ಮನಿರುತ್ತಾರೆ? ಅಷ್ಟರಲ್ಲಿ ಮಡ್ಡಿಗೆ ಟ್ರ್ಯಾಕ್ಟರಿನಲ್ಲಿ ಬೇವಿನ ಸಸಿ, ಬಾರಿಹಣ್ಣಿನ ಸಸಿ ಬಂದು ಇಳಿದವು. ಜಾಲಿಯ ನೆರಳಿನಲ್ಲಿ, ಪ್ರತಿ ವರ್ಷ ಮರಿ ಕೂಡಿಸುವ ಜಾಗದಲ್ಲೇ, ಅವನ್ನು ಸಾಲಾಗಿ ಇಟ್ಟಿದ್ದರು. ಅವತ್ತು ತಾರವ್ವ ಅತ್ತೆಗೆ ಹೇಳಿದಳು, ರಾಯಬಾಗಕ್ಕೆ ಹೋಗಿ ಸಾಹೇಬನ ಮುಂದೆ ತಕರಾರು ಹಾಕೋಣ, ಮಡ್ಡಿ ಇಬ್ಬರದು, ಒಬ್ಬನ ಮಾತಿನ ಮೇಲೆ ಹೆಂಗ ಹಾಕ್ತಾರ ನೋಡೋಣು.

ಬುತ್ತಿಗೆ ನಾಲ್ಕು ರೊಟ್ಟಿ, ಶೇಂಗಾಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಇಬ್ಬರೂ ಬೆಳಗಿನ ಬಸ್ಸಿಗೆ ಹೋದರು. ಒಡ್ಡಿನ ಸಾಹೇಬ ವಯಸ್ಸಾದ ಮನುಷ್ಯ, ಸಮಾಧಾನದವನು. ಇಬ್ಬರಿಗೂ ಬಾಕಿನ ಮೇಲೆ ಕೂಡಲು ಹೇಳಿದ. ತಾರವ್ವ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಿ, ಕಪಾಟಿನಿಂದ ಫೈಲು ತೆಗೆಸಿ, ಒಂದು ಹಾಳೆ ತಿರುಗಿಸಿ ಅವಳ ಮುಂದೆ ಹಿಡಿದ.

"ಇಬ್ಬರ ಒಪ್ಪಿಗಿ ಇಲ್ದ ನಾವು ಸುಣ್ಣ ಹಾಕೂದಿಲ್ಲ ತಂಗಿ. ಇದು ಸತ್ಯಪ್ಪನ ಸಹಿ. ಇದು ಮಲಕಾರಿ ಹೆಬ್ಬಟ್ಟು. ಅಣ್ಣನ ಹೆಸರಲೇ ಸಹಾಯಧನ ಬರಲಿ, ಮೂರು ವರ್ಷ ನಮ್ಮ ಕುರಿ ಬಿಡೂದಿಲ್ಲ ಅಂತ ಬರಸ್ಯಾನ."

"ಖೊಟ್ಟಿ ಹೆಬ್ಬಟ್ಟರಿ ಅದು. ಅವರು ಕುರಿ ಹಿಂದ ಇದ್ದಾರ."

"ದೀಪಾವಳಿ ಆದ ಮೂರನೇ ದಿನ. ಇಲ್ಲೇ, ನೀ ಕುಂತಲ್ಲೇ ಕುಂತಿದ್ದ. ಎತ್ತರ ಮನಷ್ಯಾ, ಕರಿ ಕಂಬಳಿ. ನಾಯಿ ಒಂದ ಒಳಗ ಬರತಿತ್ತಂತ ಹೊರಗ ಬೇವಿನ ಗಿಡಕ್ಕ ಕಟ್ಟಿ ಬಂದ."

ತಾರವ್ವನಿಗೆ ಆ ದಿನ ನೆನಪಿತ್ತು. ಕುರಿಯ ಕಾಲುಬೇನೆಗೆ ಔಷಧ ತರುತ್ತೇನೆಂದು ಮಲಕಾರಿ ರಾಯಬಾಗಕ್ಕೆ ಹೋಗಿದ್ದ. ಔಷಧ ಸಿಗಲಿಲ್ಲವೆಂದು ಬಂದು, ಅವಳಿಗೆ ಒಂದು ಡಜನ್ ಹಸಿರು ಬಳೆ ಕೊಟ್ಟಿದ್ದ. ಹದಿನಾಲ್ಕು ವರ್ಷದಲ್ಲಿ ತಾನಾಗಿ ಬಳೆ ತಂದವನಲ್ಲ. ಅವಳು ಆ ವಾರವೆಲ್ಲ ನೀರು ಸೇದಲು ಹೋದಾಗ ಕೈ ಮುಂದೆ ಮಾಡಿಕೊಂಡು ನಿಂತಿದ್ದಳು. ಈಗ ಸೆರಗು ಎಳೆದು ಮುಂಗೈ ಮುಚ್ಚಿಕೊಂಡಳು. ಸಾಹೇಬ ಇನ್ನೂ ಏನೋ ಹೇಳುತ್ತಿದ್ದ, ಮೂರು ವರ್ಷ ಕಳೆದರೆ ಹುಲ್ಲು ನಿಮಗೇ ಎಂದು. ಲಗಮವ್ವ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

ತಿರುಗಿ ಬರುವ ಬಸ್ಸಿನಲ್ಲಿ ಬುತ್ತಿ ಬಿಚ್ಚಲಿಲ್ಲ. ಗಂಡ ಮೋಸ ಮಾಡಿದನೆಂಬುದಕ್ಕಿಂತ, ಒಂದು ತಿಂಗಳು ಅವನ ಪರವಾಗಿ ಊರೆಲ್ಲ ಕೇಳುವಂತೆ ಜಗಳಾಡಿದೆನಲ್ಲ ಎಂಬುದು ತಾರವ್ವನನ್ನು ಹೆಚ್ಚು ಸುಡುತ್ತಿತ್ತು. ಅವನಿಗಾಗಿ ಬೇರೆ ಒಲೆ ಹೂಡಿದ್ದಳು. ಅವನ ಹೆಬ್ಬಟ್ಟು ಎಲ್ಲಕ್ಕೂ ಮೊದಲೇ ಅಲ್ಲಿ ಬಿದ್ದಿತ್ತು.

ಊರಿಗೆ ಬಂದಾಗ ಸತ್ಯಪ್ಪ ಊಟಕ್ಕೆ ಕೂತಿದ್ದ. ಲಗಮವ್ವ ಹಿತ್ತಿಲಿಗೆ ಹೋಗಲಿಲ್ಲ, ನೆಟ್ಟಗೆ ಹಿರಿಯ ಮಗನ ಎದುರಿಗೆ ಬಂದು ಕೂತಳು.

"ಹೇಳಬಾರದಂತ ಅವಾ ನಿನ್ನ ಕಡೆ ಭಂಡಾರ ಮುಟ್ಟಿಸಿಕೊಂಡಾನೇನ?"

ಸತ್ಯಪ್ಪ ತಲೆ ಎತ್ತಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು. ಮುದುಕಿಗೆ ಅಷ್ಟೇ ಸಾಕಾಯಿತು. ಒಂದು ಆಣೆ ಹೊತ್ತವನು ಅದು ತೀರುವ ತನಕ ಇನ್ನೊಂದಕ್ಕೆ ಭಂಡಾರ ಮುಟ್ಟಬಾರದು. ಅವಳೇ ಮಕ್ಕಳಿಗೆ ಸಣ್ಣವರಿದ್ದಾಗ ಕಲಿಸಿದ ಪದ್ಧತಿ ಅದು. ಆದಿತ್ಯವಾರ ಬಟ್ಟಲು ಮುಂದಿಟ್ಟಾಗ ಅವಳಿಗೆ ಅದೇ ಮರೆತುಹೋಗಿತ್ತು. ತಾನು ಕಲಿಸಿದ್ದನ್ನು ಪಾಲಿಸಿದ ಮಗನನ್ನು ಕಳ್ಳನೆಂದು ತಿಳಿದು, ಇಷ್ಟು ದಿನ ಅವನ "ಹೋಗಿ ಬರತೇನಿ"ಗೆ ಹೂಂ ಎನ್ನದೆ ಕೂತಿದ್ದಳು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಗಂಗಾಳದಿಂದಲೇ ಒಂದು ತುಣುಕು ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ದ್ರೌಪದಿ ಅಳುತ್ತಲೇ ಮಜ್ಜಿಗೆ ತಂದಿಟ್ಟಳು.

ತಾರವ್ವ ಬಾಗಿಲಲ್ಲಿ ನಿಂತಿದ್ದಳು. ತಪ್ಪಾಯಿತೆಂದು ಹೇಳಬೇಕು, ನಾಲಿಗೆ ಏಳಲೊಲ್ಲದು. ಬಿಚ್ಚದ ಬುತ್ತಿಯನ್ನು ದ್ರೌಪದಿಯ ರೊಟ್ಟಿ ಬುಟ್ಟಿಯಲ್ಲಿ ಇಟ್ಟು, ಹಿತ್ತಿಲಿಗೆ ಹೋಗಿ ಒಲೆಯ ಮೂರು ಕಲ್ಲನ್ನೂ ಎತ್ತಿ ಬೇಲಿಯಾಚೆ ಒಗೆದಳು. ಭಾವನಿಗೆ ಅದು ತಿಳಿಯಿತು. ಮರುದಿನ ಬೆಳಿಗ್ಗೆ ಅವನು ಎಮ್ಮೆ ಕಟ್ಟುತ್ತಿದ್ದಾಗ ಅವಳು ಹತ್ತಿರ ಹೋಗಿ ಒಂದೇ ಮಾತು ಕೇಳಿದಳು, ಇಷ್ಟು ಬೈಗುಳ ಯಾಕೆ ತಿಂದಿರಿ ಎಂದು. ಅವನು ಎಮ್ಮೆಯ ಹಗ್ಗ ಬಿಗಿದು, "ನನಗೂ ಒಡ್ಡ ಬೇಕಾಗಿತ್ತವ್ವ" ಎಂದ. ಅವನ ಪ್ರಾಮಾಣಿಕತನ ಅಷ್ಟು.

ಆದರೂ ಅವಳಿಗೆ ಒಂದು ಆಸೆ ಉಳಿದಿತ್ತು. ಮಡ್ಡಿ ಹೋದರೆ ಹೋಯಿತು, ಗಂಡ ಮತ್ತೆಲ್ಲೋ ಜಾಗ ನೋಡಿರಬೇಕು, ಅದಕ್ಕೇ ಒಪ್ಪಿದ್ದಾನೆ. ಕುರಿ ಬರಲಿ, ಆಮೇಲೆ ಅವನಿಗೆ ಚೆನ್ನಾಗಿ ಬೈಯುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ. ಹೀಗೆಂದುಕೊಂಡು ಅವಳು ಮರಿಗಳಿಗೆಂದು ಮನೆಯ ಹಿಂದೆ, ಸಾಲದು ಸಾಲದು ಎನ್ನುತ್ತಲೇ, ಒಂದು ಮುಳ್ಳಿನ ಬೇಲಿ ಕಟ್ಟಿದಳು. ಲಕ್ಕವ್ವ ಸಾಲೆಯಿಂದ ಬಂದು ಜಾಲಿಟೊಂಗೆ ಎಳೆದು ಕೊಡುತ್ತಿದ್ದಳು. ತನ್ನ ಎಂಟು ಕುರಿ ಯಾವುವು ಎಂದು ಹುಡುಗಿ ಕೇಳಿದಾಗ, ಈಯಲಿ ತಡಿ, ನೀನೇ ಆರಿಸಿಕೊಳ್ಳುವಿಯಂತೆ ಎಂದಳು.

ಶಿವರಾತ್ರಿಗೆ ನಾಲ್ಕು ದಿನವಿದ್ದಾಗ, ನಡು ಮಧ್ಯಾಹ್ನ, ಮಲಕಾರಿ ಬಂದ. ಮೊದಲು ನಾಯಿ ಬಂತು. ಹಿಂದಿನಿಂದ ಹೆಗಲಿಗೆ ಕಂಬಳಿಯ ಗಂಟು ಹಾಕಿಕೊಂಡು ಅವನು. ಪ್ರತಿ ವರ್ಷ ಅವನು ಬರುವುದಕ್ಕೆ ಮೊದಲು ಕುರಿಗಳ ಒದರಾಟ ಊರಿಗೆ ಬರುತ್ತಿತ್ತು. ಈ ಸಲ ಏನೂ ಕೇಳಿಸಲಿಲ್ಲ. ಮೊದಲು ಬಾಯಿ ಬಿಟ್ಟವನು ಸತ್ಯಪ್ಪ.

"ಕುರಿ ಎಲ್ಲಿ ಅದಾವು?"

"ಕೊಟ್ನಿ."

"ಎಷ್ಟ ಕೊಟ್ಟಿ?"

"ಎಲ್ಲಾ."

ಸತ್ಯಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಅವನಿಗೆ ಗೊತ್ತಿದ್ದದ್ದು ಮಡ್ಡಿಯ ಮಾತಷ್ಟೇ. ತಮ್ಮ ಸದಲಗಾದ ಕಡೆ ಜಾಗ ನೋಡಿಕೊಂಡಿದ್ದೇನೆಂದು ಹೇಳಿ ಆಣೆ ಹಾಕಿಸಿಕೊಂಡಿದ್ದ. ಒಂದು ತಿಂಗಳು ಸುಮ್ಮನೆ ಬೈಸಿಕೊಂಡದ್ದು ಈ ಸುಳ್ಳಿಗಾಗಿ ಎಂದು ಅವನಿಗೂ ಈಗ ತಿಳಿಯಿತು.

ಮಲಕಾರಿ ಹೇಳುತ್ತ ಹೋದ. ಹೊಳೆಸಾಲಿನಲ್ಲಿ ಕುರಿ ತರುಬಲು ಈಗ ಯಾರೂ ಕರೆಯುವುದಿಲ್ಲ, ಎಲ್ಲರೂ ಚೀಲದ ಗೊಬ್ಬರ ತಂದು ಚೆಲ್ಲುತ್ತಾರೆ. ಜುಗೂಳದ ಹತ್ತಿರ ಎರಡು ಕುರಿ ಕಬ್ಬಿಗೆ ಬಾಯಿ ಹಾಕಿದ್ದಕ್ಕೆ, ಮಗನ ವಯಸ್ಸಿನವನೊಬ್ಬ ಜನರ ಮುಂದೆ ಅವನ ಕೈಯಲ್ಲಿ ಕಿವಿ ಹಿಡಿಸಿ ಬಸಕಿ ಹೊಡೆಸಿದ್ದ. ಮೊಳಕಾಲು ಹಿಡಿದುಕೊಂಡಿವೆ. ಸಕ್ಕರೆ ಕಾರ್ಖಾನೆಯ ಗೇಟಿಗೆ ಕಾವಲಿಗೆ ತೆಗೆದುಕೊಳ್ಳುತ್ತೇವೆಂದು ಒಬ್ಬರು ಮಾತು ಕೊಟ್ಟಿದ್ದಾರೆ. ಮನೆಯಲ್ಲಿ ಇರಬೇಕು, ದಿನಾ ಬಿಸಿ ರೊಟ್ಟಿ ತಿನ್ನಬೇಕು, ಮಗಳನ್ನು ನೋಡಬೇಕು ಅನಿಸುತ್ತದೆ. ಹೇಳಿದ್ದೆಲ್ಲ ನಿಜ. ಬೇರೆ ದಿನವಾಗಿದ್ದರೆ ತಾರವ್ವ ಅವನ ಮೊಳಕಾಲಿಗೆ ಎಣ್ಣೆ ಕಾಯಿಸುತ್ತಿದ್ದಳು.

"ನನ್ನ ಕಿವಿ ಸೀಳಿದ ಕುರಿ?" ಎಂದಳು.

"ಅವೂ ಅದರಾಗ ಇದ್ದೂವಲ್ಲ."

"ಯಾರಿಗೆ ಕೊಟ್ರಿ?"

"ಅಥಣಿ ಸಂತ್ಯಾಗ. ಬಿಡಿಬಿಡಿಯಾಗಿ ಯಾರೂ ಕೇಳಲಿಲ್ಲ. ಒಂದ ಲಾರಿಗೆ ಎಲ್ಲಾ ಹಾಕಿದ್ರ ತಗೋತೇವಿ ಅಂದ್ರು."

"ಎಲ್ಲಿ ಲಾರಿ ಅದು?"

ಅವನು ನಾಯಿಯನ್ನು ನೋಡಿದ. ಲಗಮವ್ವ ಕೋಲು ಊರಿ ಎದ್ದಳು.

"ಗಬ್ಬದ ಕುರಿ ಕಟಕರ ಲಾರಿಗೆ ಹತ್ತಿಸಿದೇನಲೇ? ಮನ್ಯಾಗ ಹಿಟ್ಟ ಇಲ್ದ ದಿನಾನೂ ನಿಮ್ಮಪ್ಪ ಹತ್ತಿಸಿದ್ದಿಲ್ಲ."

ಮಲಕಾರಿ ಅತ್ತ. ಗಂಟಿನೊಳಗಿಂದ ರೊಕ್ಕದ ಬಟ್ಟೆ ತೆಗೆದು ಹೆಂಡತಿಯ ಮುಂದೆ ಇಟ್ಟ. ಅವಳ ಇಪ್ಪತ್ತೆರಡರದ್ದು ಬೇರೆಯಾಗಿ ಕಟ್ಟಿದ್ದೇನೆ ಎಂದ. ಅವಳು ಅದನ್ನು ಮುಟ್ಟಲಿಲ್ಲ. ಲಕ್ಕವ್ವ ಬಾಗಿಲ ಮರೆಯಿಂದ ನೋಡುತ್ತಿದ್ದಳು.

"ನಿನಗ ಹೇಳಿದ್ರ ನೀ ಹೂಂ ಅಂತಿದ್ದೇನ?" ಎಂದು ಮಲಕಾರಿ ಕೇಳಿದ.

"ಇಲ್ಲ."

"ಅದಕ್ಕ ಹೇಳಲಿಲ್ಲ."

"ನಾ ಒಲ್ಲೆ ಅಂತೇನಿ ಅನ್ನೂದ ಗೊತ್ತಿದ್ದ ಮಾಡೀರಿ. ಗೊತ್ತಿಲ್ದ ಮಾಡಿದ್ರ ಬೈದ ಬಿಡತಿದ್ನಿ."

ಅಷ್ಟು ಹೇಳಿ ಅವಳು ಒಳಗೆ ಹೋಗಿ ಹಿಟ್ಟು ಕಲಸಿದಳು. ಸಂಜೆ ಎಲ್ಲರಿಗೂ ಬಡಿಸಿದಳು, ಭಾವನಿಗೆ ಮೊದಲು, ಅತ್ತೆಗೆ, ಮಕ್ಕಳಿಗೆ. ಮಲಕಾರಿಗೂ ಬಡಿಸಿದಳು. ಅವನು ಬೇಕೆಂದಿದ್ದ ಬಿಸಿ ರೊಟ್ಟಿಯನ್ನೇ ಹಾಕಿದಳು, ಇನ್ನೊಂದು ಹಾಕಲೇ ಎಂದು ಕೇಳಲಿಲ್ಲ. ರೊಕ್ಕದ ಗಂಟನ್ನು ಲಗಮವ್ವ ಜಗಲಿಯ ಮೂಲೆಗೆ ತಳ್ಳಿದಳು. ಶಿವರಾತ್ರಿಯೂ ಬಂತು, ಹೋಯಿತು. ಮುಂದಿನ ದಿನಗಳಲ್ಲಿ ಗಂಡಹೆಂಡಿರ ಜಗಳ ಕೇಳಿಸೀತೆಂದು ನೆರೆಯವರು ಕಿವಿ ನಿಮಿರಿಸಿಕೊಂಡಿದ್ದರು. ಅವರಿಗೆ ನಿರಾಸೆಯಾಯಿತು. ತಾರವ್ವ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ನೀರು ಕಾಯಿಸಿ ಇಡುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು. ಅವಳು ಬೈದಿದ್ದರೆ ಒಳ್ಳೆಯದಿತ್ತೆಂದು ಮಲಕಾರಿ ಅಣ್ಣನ ಮುಂದೆ ಒಮ್ಮೆ ಹೇಳಿಕೊಂಡ. ಅಣ್ಣ ಕೇಳಿಸದವನಂತೆ ಹಗ್ಗ ಹೊಸೆಯುತ್ತ ಕೂತಿದ್ದ. ಕಾರ್ಖಾನೆಯ ಕೆಲಸ ಮುಂದಿನ ಹಂಗಾಮಿಗೆ ನೋಡೋಣವೆಂದು ಹೇಳಿಕಳಿಸಿದರು.

ಹೋಳಿಹುಣ್ಣಿಮೆಯ ಮರುವಾರ ಮಡ್ಡಿಯ ಮೇಲೆ ಒಡ್ಡಿನ ಕೆಲಸ ಸುರುವಾಯಿತು. ಹೊಲದವರಿಗೇ ಮೊದಲು ಕೂಲಿ ಎಂದು ಸಾಹೇಬ ಹೇಳಿದ್ದ. ಸತ್ಯಪ್ಪ ಬಂದ, ಮಲಕಾರಿ ಗುದ್ದಲಿ ಹಿಡಿದು ಬಂದ, ದ್ರೌಪದಿ ಬಂದಳು. ತಾರವ್ವ ಬರಲಿಕ್ಕಿಲ್ಲವೆಂದುಕೊಂಡಿದ್ದರು, ಅವಳೂ ಬುಟ್ಟಿ ಸಿಂಬಿ ಹಿಡಿದು ಬಂದಳು. ಮನೆಯಲ್ಲಿ ಕೂತು ಏನು ಕಾಯಬೇಕು ಎಂದು ದ್ರೌಪದಿಗೆ ಹೇಳಿದಳಂತೆ.

ಜಾಲಿಯ ಕೆಳಗೆ ಮೇಸ್ತ್ರಿ ಪಟ್ಟಿ ಬಿಚ್ಚಿಕೊಂಡು ಹೆಸರು ಬರೆದುಕೊಳ್ಳುತ್ತಿದ್ದ. ಹೆಂಗಸರ ಸಾಲಿನಲ್ಲಿ ಈ ಕೆಲಸ ನಿಧಾನ. ಗಂಡನ ಹೆಸರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಸೆರಗು ಕಚ್ಚಿಕೊಂಡು ಪಕ್ಕದವಳನ್ನು ನೋಡುತ್ತಾರೆ. ಅದಕ್ಕೆಂದೇ ಹಿರಿಯಳಾದ ಜನಾಬಾಯಿ ಮುಂದೆ ನಿಂತು, ಎಲ್ಲರ ಗಂಡಂದಿರ ಹೆಸರನ್ನೂ ತಾನೇ ಹೇಳುತ್ತಿದ್ದಳು. ದ್ರೌಪದಿಯದೂ ಹೇಳಿದಳು.

"ಮುಂದ. ಹೆಸರು?"

"ತಾರವ್ವ."

"ಗಂಡನ ಹೆಸರು?"

ಜನಾಬಾಯಿ ಬಾಯಿ ತೆರೆದಳು. ತಾರವ್ವ ಅವಳ ಕೈ ಹಿಡಿದು ತಡೆದಳು.

"ಮಲಕಾರಿ," ಎಂದಳು.

ಮೇಸ್ತ್ರಿ ತಲೆಯೆತ್ತಿ ನೋಡಿದ. ಮಲಕಾರಿ ಹತ್ತು ಮಾರು ಆಚೆ ಮೊದಲನೆಯ ಗೆರೆಯ ಮೇಲೆ ಗುದ್ದಲಿ ಎತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವನು ಗುದ್ದಲಿ ಇಳಿಸಿ ನಿಂತ. ಜನಾಬಾಯಿ ಗಾಬರಿಯಿಂದ, ಏನು ಮಾಡಿದಿ ತಂಗಿ ಎಂದು ಪಿಸುಗುಟ್ಟಿದಳು.

ತಾರವ್ವ ಮೇಸ್ತ್ರಿಯ ಕಡೆಗೇ ನೋಡುತ್ತಿದ್ದಳು.

"ಮಲಕಾರಿ ಅಂದ್ನೆಲ್ಲರಿ. ಬರಕೊಂಡ್ರಿಲ್ಲೋ?"

ಅವನು ಬರೆದುಕೊಂಡ. ಅವಳು ಬುಟ್ಟಿ ಎತ್ತಿಕೊಂಡು, ಗಂಡ ನಿಂತ ಗೆರೆಯನ್ನು ದಾಟಿ, ಮೇಲಿನ ಗೆರೆಗೆ ಮಣ್ಣು ಹೊರಲು ಹೋದಳು.